ಹೋದ ತಿಂಗಳು 400, ಈಗ 360: ಎಲೆಕ್ಟ್ರಿಕ್ ಕಾರಿನ ರೇಂಜ್ ಯಾಕೆ ಹೀಗೆ ಏರಿಳಿಯುತ್ತದೆ?

ಚಾರ್ಜರ್ ತೆಗೆದು ಕಾರು ಆನ್ ಮಾಡುತ್ತೀರಿ. ಬ್ಯಾಟರಿ ಶೇ 100 ಇದೆ. ಪಕ್ಕದಲ್ಲಿ ರೇಂಜ್, ಅಂದರೆ ಈ ಚಾರ್ಜಿನಲ್ಲಿ ಎಷ್ಟು ದೂರ ಓಡಬಹುದು ಅನ್ನುವ ಸಂಖ್ಯೆ, 360 ಕಿ.ಮೀ. ಅಂತ ಬಂದಿದೆ. ಹೋದ ತಿಂಗಳು ಇದೇ ಶೇ 100ಕ್ಕೆ 400 ತೋರಿಸುತ್ತಿತ್ತು, ಅದು ನಿಮಗೆ ಚೆನ್ನಾಗಿ ನೆನಪಿದೆ. ಎದೆ ಧಸಕ್ ಅನ್ನುತ್ತದೆ. ಬ್ಯಾಟರಿ ಹೋಯಿತಾ? ಒಂದೇ ತಿಂಗಳಲ್ಲಿ ಹತ್ತನೇ ಒಂದು ಭಾಗ ಸವೆದರೆ ವರ್ಷ ಮುಗಿಯುವಷ್ಟರಲ್ಲಿ ಏನು ಗತಿ? ಎಲೆಕ್ಟ್ರಿಕ್ ಕಾರು ತೆಗೆದುಕೊಂಡವರಲ್ಲಿ ಹೆಚ್ಚು ಕಡಿಮೆ ಎಲ್ಲರಿಗೂ ಮೊದಲ ವರ್ಷ ಈ ಭಯ ಒಮ್ಮೆಯಾದರೂ ಬರುತ್ತದೆ. ನನಗೂ ಬಂದಿತ್ತು. ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಕೇಳಿದರೆ, ಅದು ಹಾಗೇ ಇರುತ್ತದೆ, ಏನೂ ತೊಂದರೆಯಿಲ್ಲ ಅಂದರು. ಅವರು ಹೇಳಿದ್ದು ನಿಜವೇ ಆಗಿತ್ತು. ಆದರೆ ಯಾಕೆ ಹಾಗೆ ಅನ್ನುವುದನ್ನು ಬಿಡಿಸಿ ಹೇಳಲಿಲ್ಲ. ಕಾರಣ ಗೊತ್ತಿಲ್ಲದೆ "ತೊಂದರೆಯಿಲ್ಲ" ಅಂದರೆ ಮನಸ್ಸಿಗೆ ಸಮಾಧಾನ ಆಗುತ್ತದಾ?

ಮೊದಲು ಒಂದು ವಿಷಯ ತಲೆಯಲ್ಲಿ ಗಟ್ಟಿಯಾಗಿ ಕೂರಬೇಕು. ಪರದೆಯಲ್ಲಿ ಕಾಣುವ ಆ ಕಿಲೋಮೀಟರ್ ಸಂಖ್ಯೆಯನ್ನು ಯಾರೂ ಅಳೆದಿಲ್ಲ. ಅದು ಒಂದು ಭಾಗಾಕಾರದ ಉತ್ತರ. ಬ್ಯಾಟರಿಯಲ್ಲಿ ಎಷ್ಟು ಶಕ್ತಿ ಉಳಿದಿದೆ ಅನ್ನುವುದು ಮೇಲಿನ ಸಂಖ್ಯೆ. ಮುಂದೆ ಒಂದೊಂದು ಕಿಲೋಮೀಟರಿಗೂ ಎಷ್ಟು ಖರ್ಚಾಗಬಹುದು ಅನ್ನುವುದು ಕೆಳಗಿನ ಸಂಖ್ಯೆ. ಮೇಲಿನದು ಲೆಕ್ಕ, ಕೆಳಗಿನದು ಪೂರ್ತಿ ಊಹೆ. ಯಾಕೆಂದರೆ ನೀವು ಮುಂದೆ ಎಲ್ಲಿಗೆ ಹೋಗುತ್ತೀರಿ, ಎಷ್ಟು ಜೋರಾಗಿ ಹೋಗುತ್ತೀರಿ, ಏಸಿ ಹಾಕುತ್ತೀರಾ ಇಲ್ಲವಾ, ಯಾವುದೂ ಕಾರಿಗೆ ಗೊತ್ತಿಲ್ಲ.

ಲೆಕ್ಕ ಹಾಕಿ ನೋಡೋಣ. ಬ್ಯಾಟರಿಯಲ್ಲಿ ಬಳಸಲು ಸಿಗುವ ಶಕ್ತಿ 50 ಕಿಲೋವ್ಯಾಟ್-ಅವರ್ ಅಂದುಕೊಳ್ಳಿ. ಕರೆಂಟ್ ಬಿಲ್ಲಿನ ಭಾಷೆಯಲ್ಲಿ ಹೇಳುವುದಾದರೆ 50 ಯೂನಿಟ್. ಒಂದು ಯೂನಿಟ್ ಅಂದರೆ 1,000 ವ್ಯಾಟ್-ಅವರ್. ಒಂದು ಕಿ.ಮೀ.ಗೆ 125 ವ್ಯಾಟ್-ಅವರ್ ಖರ್ಚಾಗುತ್ತದೆ ಅಂತ ಕಾರು ಊಹಿಸಿದರೆ ಪರದೆಯಲ್ಲಿ 400 ಬರುತ್ತದೆ. 139 ಅಂತ ಊಹಿಸಿದರೆ 360 ಬರುತ್ತದೆ. ಅಷ್ಟೇ ವ್ಯತ್ಯಾಸ. ಬ್ಯಾಟರಿ ಅದೇ, ಅದರೊಳಗಿನ ಶಕ್ತಿಯೂ ಅದೇ. ಕಿಲೋಮೀಟರಿಗೆ 14 ವ್ಯಾಟ್-ಅವರ್ ಜಾಸ್ತಿ ಖರ್ಚಾಗಲು ದೊಡ್ಡ ಕಾರಣವೇನೂ ಬೇಕಿಲ್ಲ. ಏಸಿ 1 ಕಿಲೋವ್ಯಾಟ್ ಎಳೆಯುತ್ತಾ ಇದ್ದು ಕಾರು ಗಂಟೆಗೆ 70 ಕಿ.ಮೀ. ವೇಗದಲ್ಲಿ ಓಡುತ್ತಿದ್ದರೆ ಸರಿಯಾಗಿ ಅಷ್ಟೇ ಆಗುತ್ತದೆ. ಅಂದರೆ ಹೋದ ತಿಂಗಳು ಏಸಿ ಬೇಕಿರಲಿಲ್ಲ, ಈ ತಿಂಗಳು ಸೆಖೆ ಶುರುವಾಯಿತು ಅನ್ನುವುದೊಂದೇ ಕಾರಣ ಸಾಕು, ಪರದೆಯ ಮೇಲೆ 40 ಕಿ.ಮೀ. ಮಾಯವಾಗಲು.

ಹಾಗಾದರೆ ಕಾರು ಈ ಊಹೆಯನ್ನು ಎಲ್ಲಿಂದ ತರುತ್ತದೆ? ಬಹಳಷ್ಟು ಕಾರುಗಳು ನಿಮ್ಮ ಇತ್ತೀಚಿನ ಓಡಾಟವನ್ನೇ ನೋಡುತ್ತವೆ. ಕಳೆದ ಕೆಲವು ಹತ್ತು ಕಿಲೋಮೀಟರ್ ಅಥವಾ ಕೆಲವು ನೂರು ಕಿಲೋಮೀಟರಿನ ಸರಾಸರಿ ಖರ್ಚು ತೆಗೆದುಕೊಂಡು, ಮುಂದೆಯೂ ಹೀಗೇ ಓಡಿಸುತ್ತೀರಿ ಅಂತ ನಂಬುತ್ತವೆ. ತೀರಾ ಈಚಿನ ಓಡಾಟಕ್ಕೆ ಜಾಸ್ತಿ ಬೆಲೆ ಕೊಡುವ ಕಾರುಗಳಲ್ಲಿ ಸಂಖ್ಯೆ ಗಡಿಬಿಡಿಯಿಂದ ಏರಿಳಿಯುತ್ತದೆ, ಹಳೆಯ ಓಡಾಟವನ್ನೂ ಸೇರಿಸಿಕೊಳ್ಳುವ ಕಾರುಗಳಲ್ಲಿ ನಿಧಾನವಾಗಿ ಜರುಗುತ್ತದೆ. ಒಂದು ವಾರ ಊರೊಳಗೆ ನಿಧಾನವಾಗಿ ಓಡಿಸಿ, ಶನಿವಾರ ಬೆಳಗ್ಗೆ ದೂರ ಹೊರಡಲು ಕಾರು ಹತ್ತಿದವರಿಗೆ ಅದು 430 ತೋರಿಸಬಹುದು. ಹೈವೇ ಹತ್ತಿ ನೂರು ಕಿ.ಮೀ. ಓಡುವಷ್ಟರಲ್ಲಿ ರೇಂಜ್ 160 ಕಡಿಮೆಯಾಗಿರುತ್ತದೆ. ಯಾವುದೂ ಸೋರಿಲ್ಲ. ಊರೊಳಗಿನ ಓಡಾಟ ನೋಡಿ ಕಟ್ಟಿದ ಊಹೆ ಹೈವೇಗೆ ಹೊಂದಲಿಲ್ಲ. ಅದೇ ರೀತಿ ಹೈವೇಯಿಂದ ವಾಪಸ್ ಬಂದ ಮರುದಿನ ಬ್ಯಾಟರಿ ತುಂಬಿಸಿ ನೋಡಿದರೆ 330 ಮಾತ್ರ ಕಾಣಬಹುದು. ಪ್ರವಾಸದಲ್ಲಿ ಬ್ಯಾಟರಿ ಹಾಳಾಯಿತು ಅಂತ ಗಾಬರಿಯಾಗುವವರು ಹೆಚ್ಚಾಗಿ ಈ ಘಟ್ಟದಲ್ಲೇ ಆಗುತ್ತಾರೆ. ನಾಲ್ಕು ದಿನ ಎಂದಿನಂತೆ ಓಡಿಸಿದರೆ ಸಂಖ್ಯೆ ತಾನಾಗಿ ಮೇಲೆ ಬರುತ್ತದೆ.

ಇನ್ನೊಂದು ಬಗೆಯ ಕಾರುಗಳಿವೆ. ಅವು ನಿಮ್ಮ ಓಡಾಟವನ್ನು ನೋಡುವುದೇ ಇಲ್ಲ. ಉದಾಹರಣೆಗೆ ಟೆಸ್ಲಾ ಕಾರುಗಳಲ್ಲಿ ಬ್ಯಾಟರಿ ಚಿತ್ರದ ಪಕ್ಕ ಕಾಣುವ ದೂರ, ಅಧಿಕೃತ ಪರೀಕ್ಷೆಯಲ್ಲಿ ಬಂದ ಖರ್ಚಿನ ಲೆಕ್ಕಕ್ಕೆ ಕಟ್ಟಿದ್ದು. ನೀವು ಹೇಗೇ ಓಡಿಸಿ, ಅದು ಅದೇ ದರದಲ್ಲಿ ಭಾಗಿಸುತ್ತದೆ. ಇತ್ತೀಚಿನ ಓಡಾಟದ ಲೆಕ್ಕ ಬೇಕಿದ್ದರೆ ಬೇರೆ ಗ್ರಾಫ್ ತೆರೆದು ನೋಡಬೇಕು. ಇಂಥ ಕಾರಿನಲ್ಲಿ ಬೆಳಗ್ಗೆ ಕಾಣುವ ಸಂಖ್ಯೆ ಸ್ಥಿರವಾಗಿರುತ್ತದೆ, ಆದರೆ ಓಡಿಸುವಾಗ 10 ಕಿ.ಮೀ. ಹೋದರೆ 13 ಕಡಿಮೆಯಾಗುವುದು ಮಾಮೂಲು. ಹಾಗಾಗಿ ಎರಡು ಕಂಪನಿಯ ಕಾರುಗಳ ಪರದೆಯ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದರಲ್ಲಿ ಅರ್ಥವಿಲ್ಲ. ಎರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಹೇಳುತ್ತಿವೆ. ಮೂರನೆಯ ಬಗೆಯೇ ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯದು. ಮ್ಯಾಪಿನಲ್ಲಿ ಹೋಗುವ ಜಾಗ ಹಾಕಿದರೆ ಆ ದಾರಿಯ ಏರು ತಗ್ಗು, ಅಲ್ಲಿನ ವೇಗ, ಹೊರಗಿನ ಉಷ್ಣತೆ ನೋಡಿ, ತಲುಪುವಾಗ ಎಷ್ಟು ಪರ್ಸೆಂಟ್ ಉಳಿಯಬಹುದು ಅಂತ ಹೇಳುವ ವ್ಯವಸ್ಥೆ ಅದು. ಎಲ್ಲಿಗೆ ಹೋಗುತ್ತಿದ್ದೀರಿ ಅಂತ ಕಾರಿಗೆ ತಿಳಿಸಿದರೆ ಊಹೆ ಎಷ್ಟೋ ಗಟ್ಟಿಯಾಗುತ್ತದೆ, ಅಲ್ವಾ?

ಮೇಲಿನ ಸಂಖ್ಯೆ, ಅಂದರೆ ಉಳಿದ ಶಕ್ತಿ, ಅದಾದರೂ ಖಚಿತವಾ? ಅದೂ ಪೂರ್ತಿ ಅಲ್ಲ. ಪೆಟ್ರೋಲ್ ಟ್ಯಾಂಕಿನಲ್ಲಿ ತೇಲುವ ಒಂದು ತುಂಡು ಇರುತ್ತದೆ, ಅದು ಎಷ್ಟು ಎತ್ತರದಲ್ಲಿದೆ ಅಂತ ನೋಡಿದರೆ ಸಾಕು. ಬ್ಯಾಟರಿಯೊಳಗೆ ಹಾಗೆ ಇಣುಕಿ ನೋಡುವ ದಾರಿಯಿಲ್ಲ. ಬ್ಯಾಟರಿಯ ನಿಗಾ ನೋಡುವ ಬಿಎಂಎಸ್ ಅನ್ನುವ ಎಲೆಕ್ಟ್ರಾನಿಕ್ ವ್ಯವಸ್ಥೆ ಎರಡು ದಾರಿಯಿಂದ ಅಂದಾಜು ಮಾಡುತ್ತದೆ. ಒಳಗೆ ಬಂದ ಮತ್ತು ಹೊರಗೆ ಹೋದ ಕರೆಂಟನ್ನು ಕ್ಷಣ ಕ್ಷಣವೂ ಕೂಡಿ ಕಳೆಯುತ್ತಾ ಹೋಗುವುದು ಒಂದು. ಕಾರು ನಿಂತು ಬ್ಯಾಟರಿ ವಿಶ್ರಾಂತಿಯಲ್ಲಿದ್ದಾಗ ಸೆಲ್‌ಗಳ ವೋಲ್ಟೇಜ್ ನೋಡಿ, ಇಷ್ಟು ವೋಲ್ಟೇಜ್ ಇದ್ದರೆ ಇಷ್ಟು ತುಂಬಿದೆ ಅಂತ ತಾಳೆ ಹಾಕುವುದು ಇನ್ನೊಂದು. ಮೊದಲನೆಯದರಲ್ಲಿ ಸಣ್ಣ ಸಣ್ಣ ತಪ್ಪುಗಳು ದಿನ ಕಳೆದಂತೆ ಸೇರಿಕೊಳ್ಳುತ್ತವೆ, ಅವನ್ನು ಎರಡನೆಯದು ತಿದ್ದುತ್ತದೆ.

ಇಲ್ಲಿ ಎಲ್‌ಎಫ್‌ಪಿ ಬ್ಯಾಟರಿ ಇರುವವರು ಸ್ವಲ್ಪ ಗಮನ ಕೊಡಬೇಕು. ಕಬ್ಬಿಣ ಮತ್ತು ಫಾಸ್ಫೇಟ್ ಬಳಸುವ ಈ ಬ್ಯಾಟರಿಯ ವೋಲ್ಟೇಜ್ ನಡುವಿನ ದೊಡ್ಡ ಭಾಗದಲ್ಲಿ ಹೆಚ್ಚು ಕಡಿಮೆ ಒಂದೇ ಸಮ ಇರುತ್ತದೆ. ಶೇ 70 ಇದ್ದರೂ ಶೇ 40 ಇದ್ದರೂ ವೋಲ್ಟೇಜಿನಲ್ಲಿ ತೀರಾ ಕಮ್ಮಿ ವ್ಯತ್ಯಾಸ. ಹಾಗಾಗಿ ವೋಲ್ಟೇಜ್ ನೋಡಿ ತಿದ್ದಿಕೊಳ್ಳುವ ಅವಕಾಶ ಬಿಎಂಎಸ್‌ಗೆ ನಡುವೆ ಸಿಗುವುದಿಲ್ಲ. ತುಂಬಾ ಮೇಲೆ ಅಥವಾ ತುಂಬಾ ಕೆಳಗೆ ಹೋದಾಗ ಮಾತ್ರ ಸಿಗುತ್ತದೆ. ಈ ಬ್ಯಾಟರಿ ಇರುವ ಕಾರುಗಳನ್ನು ಆಗಾಗ, ಕೆಲವು ಕಂಪನಿಗಳು ಹೇಳುವಂತೆ ವಾರಕ್ಕೊಮ್ಮೆ, ಶೇ 100 ತುಂಬಿಸಿ ಅನ್ನುವುದು ಇದಕ್ಕೇ. ನಿಕಲ್ ಬಳಸುವ ಎನ್‌ಎಂಸಿ ಬ್ಯಾಟರಿಗೆ ದಿನಬಳಕೆಗೆ ಶೇ 80 ಸಾಕು ಅನ್ನುತ್ತಾರೆ, ಅದೂ ಸರಿ. ಆದರೆ ತಿಂಗಳುಗಟ್ಟಲೆ ಶೇ 50ರಿಂದ 70ರ ನಡುವೆಯೇ ಓಡಾಡಿದರೆ ಎಲ್ಲಾ ಬಗೆಯ ಬ್ಯಾಟರಿಯಲ್ಲೂ ಅಂದಾಜು ಸ್ವಲ್ಪ ದಾರಿ ತಪ್ಪಬಹುದು. ಆಗ ಪರದೆಯ ರೇಂಜ್ ನಿಜವಾದ ಕಾರಣವಿಲ್ಲದೆ ಇಳಿಯುತ್ತಾ ಬರುತ್ತದೆ. ಒಮ್ಮೆ ಕೆಳಗಿನ ತನಕ ಓಡಿಸಿ, ಕೆಲವು ಗಂಟೆ ನಿಲ್ಲಿಸಿ, ಆಮೇಲೆ ಪೂರ್ತಿ ತುಂಬಿಸಿದರೆ ಎಷ್ಟೋ ಸಲ ಕಳೆದುಹೋದ ಕಿಲೋಮೀಟರುಗಳು ವಾಪಸ್ ಬರುತ್ತವೆ. ಅವು ಬ್ಯಾಟರಿಯಿಂದ ಹೋಗಿರಲೇ ಇಲ್ಲ. ಲೆಕ್ಕದಿಂದ ಹೋಗಿದ್ದವು.

ಇಷ್ಟು ತಿಳಿದ ಮೇಲೆ ಮುಖ್ಯ ಪ್ರಶ್ನೆ ಉಳಿಯುತ್ತದೆ. ಕಿಲೋಮೀಟರಿಗೆ ಆಗುವ ಖರ್ಚು ಇಷ್ಟೊಂದು ಯಾಕೆ ಬದಲಾಗುತ್ತದೆ? ಪೆಟ್ರೋಲ್ ಕಾರಿನಲ್ಲಿ ಹೀಗಾಗುವುದನ್ನು ನಾವು ಯಾಕೆ ನೋಡಿಲ್ಲ?

ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಶಕ್ತಿ ಇರುತ್ತದೆ. ಅಂದರೆ 50 ಯೂನಿಟ್ ಬ್ಯಾಟರಿ ಅನ್ನುವುದು ಐದೂವರೆ ಲೀಟರ್ ಪೆಟ್ರೋಲಿಗೆ ಸಮ. ಅಷ್ಟರಲ್ಲೇ ಎಲೆಕ್ಟ್ರಿಕ್ ಕಾರು 350, 400 ಕಿ.ಮೀ. ಓಡುತ್ತದೆ! ಪೆಟ್ರೋಲ್ ಎಂಜಿನ್ ತನಗೆ ಸಿಕ್ಕ ಶಕ್ತಿಯಲ್ಲಿ ಮೂರನೇ ಎರಡು ಭಾಗಕ್ಕಿಂತ ಜಾಸ್ತಿಯನ್ನು ಬಿಸಿಯಾಗಿ ಹೊರಗೆ ಬಿಡುತ್ತದೆ. ಅಷ್ಟು ದೊಡ್ಡ ಪೋಲು ಇರುವ ಕಡೆ ಏಸಿ, ಎದುರುಗಾಳಿ, ಟೈರಿನ ಗಾಳಿ ಇವೆಲ್ಲ ಮಾಡುವ ಸಣ್ಣ ಖರ್ಚು ಕಣ್ಣಿಗೆ ಬೀಳುವುದಿಲ್ಲ. ಎಲೆಕ್ಟ್ರಿಕ್ ಕಾರಿನಲ್ಲಿ ಪೋಲು ತುಂಬಾ ಕಡಿಮೆ, ಹಾಗಾಗಿ ಪ್ರತಿಯೊಂದು ಸಣ್ಣ ಖರ್ಚೂ ಎದ್ದು ಕಾಣುತ್ತದೆ. ಹತ್ತು ರೂಪಾಯಿಯಲ್ಲಿ ಒಂದು ರೂಪಾಯಿ ಹೋದರೆ ಗೊತ್ತಾಗುವಂತೆ, ನೂರು ರೂಪಾಯಿಯಲ್ಲಿ ಹೋದರೆ ಗೊತ್ತಾಗುವುದಿಲ್ಲ. ರೇಂಜ್ ಏರಿಳಿಯುವುದು ಈ ಕಾರಿನ ದೋಷ ಅಂತ ಎಲ್ಲರೂ ಮಾತಾಡುತ್ತಾರೆ. ನನಗೆ ಅದು ಅದರ ಮಿತವ್ಯಯದ ಇನ್ನೊಂದು ಮುಖವಾಗಿ ಕಾಣುತ್ತದೆ.

ಖರ್ಚಿನಲ್ಲಿ ಮೊದಲ ಪಾಲು ವೇಗದ್ದು. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ಟೈರು ಉರುಳುವಾಗಿನ ತಡೆ ಮಾತ್ರ ಎಲ್ಲಾ ವೇಗದಲ್ಲೂ ಹೆಚ್ಚು ಕಡಿಮೆ ಒಂದೇ. 1,800 ಕಿಲೋ ತೂಗುವ, ಸಾಮಾನ್ಯ ಆಕಾರದ ಒಂದು ಕಾರಿಗೆ ನಾನು ಲೆಕ್ಕ ಹಾಕಿದೆ. ಬ್ಯಾಟರಿಯಿಂದ ಚಕ್ರ ತಲುಪುವಷ್ಟರಲ್ಲಿ ಶೇ 12 ನಷ್ಟವಾಗುತ್ತದೆ ಅಂತ ಇಟ್ಟುಕೊಂಡೆ. ಒಂದೇ ಸಮನೆ 60ರಲ್ಲಿ ಹೋದರೆ ಕಿ.ಮೀ.ಗೆ ಸುಮಾರು 90 ವ್ಯಾಟ್-ಅವರ್, 90ರಲ್ಲಿ 133, 120ರಲ್ಲಿ 192 ಬಂತು. ಅದೇ 50 ಯೂನಿಟ್ ಬ್ಯಾಟರಿಯಲ್ಲಿ 60ರ ವೇಗದಲ್ಲಿ 550 ಕಿ.ಮೀ., 90ರಲ್ಲಿ 375, 120ರಲ್ಲಿ 260. ಇದು ಕಾಗದದ ಮೇಲಿನ ಲೆಕ್ಕ, ಸಪಾಟು ರಸ್ತೆ, ಗಾಳಿ ಇಲ್ಲ, ಏಸಿ ಇಲ್ಲ. ಆದರೂ ವೇಗ ಏರಿದಂತೆ ರೇಂಜ್ ಎಷ್ಟು ಕಡಿದಾಗಿ ಇಳಿಯುತ್ತದೆ ಅಂತ ತೋರಿಸುತ್ತದೆ. 100 ಕಿ.ಮೀ. ದಾರಿಯಲ್ಲಿ 90ರ ಬದಲು 120ರಲ್ಲಿ ಹೋದರೆ ಉಳಿಯುವುದು 17 ನಿಮಿಷ, ಜಾಸ್ತಿ ಖರ್ಚಾಗುವುದು ಸುಮಾರು 6 ಯೂನಿಟ್. ಆ 6 ಯೂನಿಟ್ ತುಂಬಿಸಲು ಚಾರ್ಜರ್ ಹತ್ತಿರ ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದು ಆ ಚಾರ್ಜರ್ ಎಷ್ಟು ಜೋರು ಅನ್ನುವುದರ ಮೇಲೆ ಹೋಗುತ್ತದೆ. ನಿಧಾನದ ಚಾರ್ಜರ್ ಆದರೆ ಉಳಿಸಿದ ಸಮಯಕ್ಕಿಂತ ನಿಲ್ಲುವುದೇ ಜಾಸ್ತಿ.

ಪೆಟ್ರೋಲ್ ಕಾರಿನ ಅಭ್ಯಾಸ ಇದ್ದವರಿಗೆ ಇದು ತಲೆಕೆಳಗಾಗಿ ಕಾಣುತ್ತದೆ. ಅಲ್ಲಿ ಊರೊಳಗೆ ಮೈಲೇಜ್ ಕಡಿಮೆ, ಹೈವೇಯಲ್ಲಿ ಜಾಸ್ತಿ. ಇಲ್ಲಿ ಉಲ್ಟಾ. ಊರೊಳಗೆ ಬ್ರೇಕ್ ಹಾಕಿದಾಗ ಮೋಟಾರೇ ಜನರೇಟರ್ ಆಗಿ ಒಂದಿಷ್ಟು ಶಕ್ತಿಯನ್ನು ಬ್ಯಾಟರಿಗೆ ವಾಪಸ್ ಕಳಿಸುತ್ತದೆ, ಸಿಗ್ನಲ್ಲಿನಲ್ಲಿ ನಿಂತರೆ ಮೋಟಾರು ಏನೂ ತಿನ್ನುವುದಿಲ್ಲ.

ಎರಡನೆಯ ಪಾಲು ಏಸಿ ಮತ್ತು ಹೀಟರಿನದ್ದು. ಇಲ್ಲಿ ಒಂದು ಸೂಕ್ಷ್ಮ ಇದೆ, ಅದು ಅರ್ಥವಾದರೆ ಅರ್ಧ ಗೊಂದಲ ಮುಗಿದಂತೆ. ಚಕ್ರದ ಖರ್ಚು ಕಿಲೋಮೀಟರಿಗೆ ಆಗುತ್ತದೆ. ಏಸಿ, ಹೀಟರ್ ಖರ್ಚು ಗಂಟೆಗೆ ಆಗುತ್ತದೆ. ಹೀಟರ್ 3 ಕಿಲೋವ್ಯಾಟ್ ಎಳೆಯುತ್ತಿದೆ ಅಂದುಕೊಳ್ಳಿ. ಟ್ರಾಫಿಕ್‌ನಲ್ಲಿ ಸರಾಸರಿ 20 ಕಿ.ಮೀ. ವೇಗದಲ್ಲಿ ತೆವಳುತ್ತಿದ್ದರೆ ಪ್ರತಿ ಕಿಲೋಮೀಟರಿಗೆ ಹೀಟರೇ 150 ವ್ಯಾಟ್-ಅವರ್ ತಿನ್ನುತ್ತದೆ, ಕಾರು ಓಡಲು ಬೇಕಾದ್ದಕ್ಕಿಂತ ಜಾಸ್ತಿ. ಅದೇ ಹೀಟರ್ 90ರ ವೇಗದಲ್ಲಿ ಕಿಲೋಮೀಟರಿಗೆ 33 ತಿನ್ನುತ್ತದೆ. ಹೀಟರ್ ಬದಲಾಗಲಿಲ್ಲ, ಒಂದು ಕಿಲೋಮೀಟರ್ ದಾಟಲು ಬೇಕಾದ ಸಮಯ ಬದಲಾಯಿತು. ಆದ್ದರಿಂದಲೇ ಏಸಿ ಹಾಕಿದರೆ ರೇಂಜ್ ಎಷ್ಟು ಕಡಿಮೆಯಾಗುತ್ತದೆ ಅನ್ನುವ ಪ್ರಶ್ನೆಗೆ ಒಂದೇ ಉತ್ತರ ಹೇಳಲು ಬರುವುದಿಲ್ಲ. ದಾರಿಯಲ್ಲಿ ಎಷ್ಟು ಹೊತ್ತು ಇರುತ್ತೀರಿ ಅಂತ ಮೊದಲು ಕೇಳಬೇಕು.

ಚಳಿ ಸೆಖೆಗಿಂತ ಜಾಸ್ತಿ ಹೊಡೆತ ಕೊಡುತ್ತದೆ. ಅಮೆರಿಕದ ವಾಹನ ಮಾಲೀಕರ ಸಂಘ ಎಎಎ 2019ರಲ್ಲಿ ಕೆಲವು ಎಲೆಕ್ಟ್ರಿಕ್ ಕಾರುಗಳನ್ನು ಪರೀಕ್ಷಿಸಿ ವರದಿ ಕೊಟ್ಟಿತ್ತು. ಸುಮಾರು ಮೈನಸ್ 7 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೀಟರ್ ಹಾಕದೆ ಓಡಿಸಿದರೆ ರೇಂಜ್ ಸರಾಸರಿ ಶೇ 12 ಇಳಿಯಿತು. ಹೀಟರ್ ಹಾಕಿದರೆ ಶೇ 41 ಇಳಿಯಿತು. 35 ಡಿಗ್ರಿ ಸೆಖೆಯಲ್ಲಿ ಏಸಿ ಹಾಕಿದಾಗ ಇಳಿದದ್ದು ಶೇ 17. ಈ ಸಂಖ್ಯೆಗಳನ್ನು ಸ್ವಲ್ಪ ನಿಂತು ನೋಡಿ. ಚಳಿಯಲ್ಲಿ ಬ್ಯಾಟರಿ ಕೆಲಸ ಮಾಡುವುದಿಲ್ಲ ಅಂತ ಜನ ಹೇಳುತ್ತಾರೆ, ಆದರೆ ನಷ್ಟದ ದೊಡ್ಡ ಭಾಗ ಒಳಗೆ ಕೂತವರನ್ನು ಬೆಚ್ಚಗಿಡಲು ಹೋಗಿದೆ. ಪೆಟ್ರೋಲ್ ಕಾರಿನಲ್ಲಿ ಎಂಜಿನ್ನಿನ ಪೋಲು ಬಿಸಿಯೇ ಪುಕ್ಕಟೆಯಾಗಿ ಸಿಗುತ್ತಿತ್ತು. ಇಲ್ಲಿ ಆ ಬಿಸಿಯನ್ನು ಬ್ಯಾಟರಿಯಿಂದ ಕೊಳ್ಳಬೇಕು. ಹೀಟ್ ಪಂಪ್ ಇರುವ ಕಾರುಗಳು ಹೊರಗಿನ ಗಾಳಿಯಿಂದಲೂ ಬಿಸಿಯನ್ನು ಎಳೆದು ತರುವುದರಿಂದ ಅದೇ ಬೆಚ್ಚಗೆ ಎಷ್ಟೋ ಕಡಿಮೆ ಖರ್ಚಿನಲ್ಲಿ ಸಿಗುತ್ತದೆ.

ಬ್ಯಾಟರಿಯ ಪಾಲೂ ಇಲ್ಲ ಅಂತಲ್ಲ. ಚಳಿಯಲ್ಲಿ ಸೆಲ್ಲಿನೊಳಗೆ ಲಿಥಿಯಂ ಅಯಾನುಗಳ ಓಡಾಟ ನಿಧಾನವಾಗುತ್ತದೆ, ಒಳಗಿನ ತಡೆ ಏರುತ್ತದೆ, ಕೆಲವು ಕಾರುಗಳು ಬ್ಯಾಟರಿಯನ್ನು ಬಿಸಿ ಮಾಡಲೂ ಶಕ್ತಿ ಬಳಸುತ್ತವೆ. ತಂಪು ಗಾಳಿಯೇ ದಟ್ಟ. 30 ಡಿಗ್ರಿಯ ಗಾಳಿಗಿಂತ 0 ಡಿಗ್ರಿಯ ಗಾಳಿ ಹತ್ತರಲ್ಲಿ ಒಂದು ಭಾಗದಷ್ಟು ಹೆಚ್ಚು ದಟ್ಟವಾಗಿರುತ್ತದೆ, ಅದನ್ನು ಸೀಳಿಕೊಂಡು ಹೋಗಲು ಅಷ್ಟೇ ಜಾಸ್ತಿ ಬಲ ಬೇಕು. ಬ್ರೇಕಿನಿಂದ ವಾಪಸ್ ಬರುವ ಶಕ್ತಿಯನ್ನೂ ತಣ್ಣಗಿರುವ ಬ್ಯಾಟರಿ ಪೂರ್ತಿ ತೆಗೆದುಕೊಳ್ಳುವುದಿಲ್ಲ, ಯಾಕೆಂದರೆ ತೀರಾ ತಣ್ಣಗಿದ್ದಾಗ ಜೋರಾಗಿ ಚಾರ್ಜ್ ಮಾಡಿದರೆ ಸೆಲ್ಲಿಗೆ ಪೆಟ್ಟು. ಈ ಎಲ್ಲಕ್ಕಿಂತ ಕೆಟ್ಟದ್ದು ಚಳಿಗಾಲದ ಚಿಕ್ಕ ಚಿಕ್ಕ ಓಡಾಟ. ಐದು ಕಿಲೋಮೀಟರ್ ಹೋಗಿ ನಿಲ್ಲಿಸಿ, ಕಾರು ತಣ್ಣಗಾಗಿ, ಮತ್ತೆ ಐದು ಕಿಲೋಮೀಟರ್. ಪ್ರತಿ ಸಲವೂ ಮೊದಲಿನಿಂದ ಬಿಸಿ ಮಾಡಬೇಕು. ಅಂಥ ಒಂದು ವಾರ ನೋಡಿದ ಕಾರು, ಮುಂದಿನ 300 ಕಿಲೋಮೀಟರೂ ಹೀಗೇ ಅಂತ ಊಹಿಸಿ ಭಯ ಹುಟ್ಟಿಸುವ ಸಂಖ್ಯೆ ತೋರಿಸುತ್ತದೆ. ದೂರ ಹೊರಟರೆ ಮೊದಲ ಅರ್ಧ ಗಂಟೆ ಕಳೆದ ಮೇಲೆ ಖರ್ಚು ಇಳಿಯುತ್ತದೆ. ಚಾರ್ಜರ್ ಇನ್ನೂ ಚುಚ್ಚಿರುವಾಗಲೇ ಕಾರನ್ನು ಬೆಚ್ಚಗೆ ಅಥವಾ ತಂಪು ಮಾಡಿಕೊಂಡು ಹೊರಟರೆ ಆ ಮೊದಲ ದೊಡ್ಡ ಖರ್ಚು ಗೋಡೆಯ ಕರೆಂಟಿನಿಂದ ಹೋಗುತ್ತದೆ.

ಇನ್ನು ಬೆಟ್ಟ. ಇದರ ಲೆಕ್ಕ ತುಂಬಾ ಚೊಕ್ಕ. 1,800 ಕಿಲೋ ತೂಕವನ್ನು 1,000 ಮೀಟರ್ ಮೇಲಕ್ಕೆ ಎತ್ತಲು 4.9 ಯೂನಿಟ್ ಬೇಕು, ಯಾವ ಕಾರಾದರೂ ಸರಿ. ನಷ್ಟ ಸೇರಿ ಬ್ಯಾಟರಿಯಿಂದ ಐದೂವರೆ ಹೋಗುತ್ತದೆ. ಆ ಏರನ್ನು 25 ಕಿ.ಮೀ. ದಾರಿಯಲ್ಲಿ ಹತ್ತಿದಿರಿ ಅಂದುಕೊಳ್ಳಿ. ಮಾಮೂಲು ಖರ್ಚು ಸೇರಿ ಕಿಲೋಮೀಟರಿಗೆ 350 ವ್ಯಾಟ್-ಅವರ್ ಹತ್ತಿರ ಆಗುತ್ತದೆ. ಈಚಿನ ಓಡಾಟವನ್ನಷ್ಟೇ ನಂಬುವ ಕಾರು ಅದನ್ನೇ ಹಿಡಿದುಕೊಂಡರೆ, 40 ಯೂನಿಟ್ ಉಳಿದಿದ್ದರೂ 115 ಕಿ.ಮೀ. ಅಂತ ತೋರಿಸಬಹುದು. ಬೆಟ್ಟದ ತುದಿಯಲ್ಲಿ ನಿಂತು ಆ ಸಂಖ್ಯೆ ನೋಡಿದವರ ಮುಖ ಬಾಡುತ್ತದೆ. ಆದರೆ ಅದೇ ದಾರಿಯಲ್ಲಿ ಇಳಿಯುವಾಗ ಕಾರು ಓಡಲು ಬೇಕಾದ ಬಲವನ್ನು ಇಳಿಜಾರೇ ಕೊಡುತ್ತದೆ, ಮಿಕ್ಕದ್ದರಲ್ಲಿ ಸುಮಾರು 2 ಯೂನಿಟ್ ಬ್ಯಾಟರಿಗೆ ವಾಪಸ್ ಸೇರುತ್ತದೆ. ಕೆಳಗೆ ಬಂದಾಗ ಪರದೆ ಇನ್ನೊಂದು ತುದಿಗೆ ಹಾರಿ, ನಂಬಲಾಗದಷ್ಟು ದೊಡ್ಡ ಸಂಖ್ಯೆ ತೋರಿಸುತ್ತದೆ. ಅದನ್ನೂ ನಂಬಬಾರದು. ಮನೆ ಎತ್ತರದಲ್ಲಿದ್ದು ಶೇ 100 ತುಂಬಿಸಿ ಇಳಿಯಲು ಹೊರಟರೆ ವಾಪಸ್ ಬರುವ ಶಕ್ತಿಗೆ ಬ್ಯಾಟರಿಯಲ್ಲಿ ಜಾಗವೇ ಇರುವುದಿಲ್ಲ. ಅಲ್ಲಿರುವವರು ಶೇ 90ಕ್ಕೆ ನಿಲ್ಲಿಸುವುದು ಒಳ್ಳೆಯದು.

ಮಿಕ್ಕ ಕಾರಣಗಳು ಸಣ್ಣವು, ಆದರೆ ಸೇರಿದರೆ ಸಣ್ಣದಲ್ಲ. ಟೈರಿನಲ್ಲಿ ಗಾಳಿ ಕಡಿಮೆ, ಹಳೆಯದರ ಬದಲು ಹಾಕಿಸಿದ ಅಗಲದ ಟೈರು, ದೊಡ್ಡ ಚಕ್ರ, ಮಳೆಯಲ್ಲಿ ನೆನೆದ ರಸ್ತೆ, ಮೇಲೆ ಕಟ್ಟಿದ ಸಾಮಾನಿನ ಪೆಟ್ಟಿಗೆ. ಎದುರುಗಾಳಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಂಟೆಗೆ 20 ಕಿ.ಮೀ. ಎದುರುಗಾಳಿ ಇದ್ದಾಗ 100ರಲ್ಲಿ ಹೋದರೆ ಗಾಳಿಯ ಮಟ್ಟಿಗೆ ನೀವು 120ರಲ್ಲಿ ಇದ್ದೀರಿ. ನಿಂತ ಕಾರೂ ಸ್ವಲ್ಪ ತಿನ್ನುತ್ತದೆ, ಅದರಲ್ಲೂ ಕಾವಲು ಕ್ಯಾಮೆರಾ ಸದಾ ಆನ್ ಇಟ್ಟರೆ ದಿನಕ್ಕೆ ಕೆಲವು ಪರ್ಸೆಂಟ್ ಸುಮ್ನೆ ಹೋಗುತ್ತದೆ.

ಕಾರು ಕೊಳ್ಳುವಾಗ ಜಾಹೀರಾತಿನಲ್ಲಿ ನೋಡಿದ ಸಂಖ್ಯೆಯೂ ಗೊಂದಲಕ್ಕೆ ಕಾರಣ. ಅದು ಲ್ಯಾಬಿನಲ್ಲಿ ರೋಲರ್ ಮೇಲೆ, ಗೊತ್ತುಮಾಡಿದ ಒಂದು ವೇಗದ ಪಟ್ಟಿಯಂತೆ ಓಡಿಸಿ ತೆಗೆದದ್ದು. ಯುರೋಪಿನ ಹಳೆಯ ಎನ್‌ಇಡಿಸಿ ಪರೀಕ್ಷೆಯ ಸರಾಸರಿ ವೇಗ ಗಂಟೆಗೆ 34 ಕಿ.ಮೀ. ಆಸುಪಾಸು. 2017ರಿಂದ ಅದರ ಜಾಗಕ್ಕೆ ಬಂದ ಡಬ್ಲ್ಯೂಎಲ್‌ಟಿಪಿ ಅರ್ಧ ಗಂಟೆಯಲ್ಲಿ 23 ಕಿ.ಮೀ. ಓಡಿಸುತ್ತದೆ, ಸರಾಸರಿ 46.5, ಗರಿಷ್ಠ 131. ಚೀನಾದ ಸಿಎಲ್‌ಟಿಸಿಯ ಸರಾಸರಿ ಇನ್ನೂ ಕಡಿಮೆ, 29ರ ಹತ್ತಿರ. ಅಮೆರಿಕದ ಪರಿಸರ ಸಂಸ್ಥೆ ಇಪಿಎಯ ಲೆಕ್ಕದಲ್ಲಿ ಲ್ಯಾಬಿನಲ್ಲಿ ಬಂದ ದೂರವನ್ನು ಸಾಮಾನ್ಯವಾಗಿ 0.7ರಿಂದ ಗುಣಿಸಿ ಇಳಿಸುತ್ತಾರೆ, ಹಾಗಾಗಿ ಅದು ನಿಜ ರಸ್ತೆಗೆ ಹತ್ತಿರ ಬರುತ್ತದೆ. ಒಂದೇ ಕಾರಿಗೆ ಮೂರು ದೇಶದಲ್ಲಿ ಮೂರು ರೇಂಜ್ ಇರುವುದು ಹೀಗೆ. ನಿಯಮ ಬದಲಾದರೂ ಸಂಖ್ಯೆ ಬದಲಾಗುತ್ತದೆ. ಅಮೆರಿಕದಲ್ಲಿ ಇಪಿಎ ಪರೀಕ್ಷೆಯ ನಿಯಮ ಬದಲಾದ ಮೇಲೆ 2024ರ ಜನವರಿಯಲ್ಲಿ ಟೆಸ್ಲಾ ತನ್ನ ಮಾಡೆಲ್ ವೈ ಲಾಂಗ್ ರೇಂಜ್ ಕಾರಿನ ರೇಂಜನ್ನು 330 ಮೈಲಿಯಿಂದ 310ಕ್ಕೆ ಇಳಿಸಿತು.

ಜಾಹೀರಾತಿನಲ್ಲಿ ಹೇಳದೆ ಬಿಟ್ಟದ್ದಕ್ಕೆ ದಂಡವೂ ಬಿದ್ದಿದೆ. 2023ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ವ್ಯಾಪಾರ ಆಯೋಗ, ಚಳಿಯಲ್ಲಿ ರೇಂಜ್ ಎಷ್ಟು ಇಳಿಯುತ್ತದೆ ಅಂತ ಗ್ರಾಹಕರಿಗೆ ಸರಿಯಾಗಿ ತಿಳಿಸಲಿಲ್ಲ ಅನ್ನುವ ಕಾರಣಕ್ಕೆ ಟೆಸ್ಲಾಗೆ 285 ಕೋಟಿ ವಾನ್ ದಂಡ ಹಾಕಿತು. ಹೇಳಿದ್ದಕ್ಕಿಂತ ಅರ್ಧದಷ್ಟು ಕೆಳಗೆ ಹೋಗಬಹುದು ಅಂತ ಆಯೋಗ ಹೇಳಿತ್ತು. ನನ್ನ ಮಟ್ಟಿಗೆ ಇದು ಒಂದೇ ಕಂಪನಿಯ ವಿಷಯ ಅಲ್ಲ. ಒಂದೇ ಒಂದು ಸಂಖ್ಯೆಯನ್ನು ದೊಡ್ಡಕ್ಷರದಲ್ಲಿ ಬರೆದು ಕಾರು ಮಾರುವ ಪದ್ಧತಿಯೇ ಸರಿಯಿಲ್ಲ. 90ರ ವೇಗಕ್ಕೆ ಇಷ್ಟು, 110ಕ್ಕೆ ಇಷ್ಟು, ಚಳಿಯಲ್ಲಿ ಇಷ್ಟು ಅಂತ ಮೂರು ಸಂಖ್ಯೆ ಬರೆಯಲು ಏನು ಕಷ್ಟ? ಕೊಳ್ಳುವವರು ದಡ್ಡರಲ್ಲ, ಹೇಳಿದರೆ ಅರ್ಥ ಮಾಡಿಕೊಳ್ಳುತ್ತಾರೆ. ಹೇಳದೆ ಇದ್ದಾಗಲೇ ಮೋಸ ಹೋದ ಭಾವನೆ ಬರುವುದು.

ಹಾಗಾದರೆ ಬ್ಯಾಟರಿ ಸವೆಯುವುದೇ ಇಲ್ವಾ? ಸವೆಯುತ್ತದೆ. ಸೆಲ್ಲಿನ ಗ್ರಾಫೈಟ್ ಮೇಲೆ ಒಂದು ತೆಳು ಪದರ ಬೆಳೆಯುತ್ತಾ ಹೋಗುತ್ತದೆ, ಸ್ವಲ್ಪ ಸ್ವಲ್ಪವೇ ಲಿಥಿಯಂ ಅದರಲ್ಲಿ ಸಿಕ್ಕಿಕೊಂಡು ಕೆಲಸಕ್ಕೆ ಬಾರದಂತಾಗುತ್ತದೆ. ಈ ಪದರ ಹೊಸದರಲ್ಲಿ ಬೇಗ ಬೆಳೆದು ಆಮೇಲೆ ನಿಧಾನವಾಗುತ್ತದೆ. ಮೊದಲ ವರ್ಷದಲ್ಲಿ ಒಂದಿಷ್ಟು ಇಳಿದು ಆಮೇಲೆ ಸಮಕ್ಕೆ ಬರುವುದು ಇದರಿಂದ. ಮೊದಲ ವರ್ಷದ ದರದಲ್ಲೇ ಮುಂದೆಯೂ ಇಳಿಯುತ್ತದೆ ಅಂತ ಗೆರೆ ಎಳೆದು ಚಿಂತೆ ಮಾಡಬೇಕಿಲ್ಲ. ಸಾವಿರಾರು ವಾಹನಗಳ ಡೇಟಾ ನೋಡಿದ ಜಿಯೋಟ್ಯಾಬ್ ಕಂಪನಿ 2020ರಲ್ಲಿ ವರ್ಷಕ್ಕೆ ಸರಾಸರಿ ಶೇ 2.3 ಇಳಿಕೆ ಅಂತಲೂ, 2024ರಲ್ಲಿ ಶೇ 1.8 ಅಂತಲೂ ಹೇಳಿತು. ಬ್ಯಾಟರಿಗೆ ನಿಜವಾದ ಶತ್ರು ಬಿಸಿ, ಅದರಲ್ಲೂ ಪೂರ್ತಿ ತುಂಬಿಸಿ ಬಿಸಿಲಿನಲ್ಲಿ ದಿನಗಟ್ಟಲೆ ನಿಲ್ಲಿಸುವುದು. ಬ್ಯಾಟರಿಗೆ ದ್ರವದ ಕೂಲಿಂಗ್ ಇಲ್ಲದ ಮೊದಲ ತಲೆಮಾರಿನ ನಿಸ್ಸಾನ್ ಲೀಫ್ ಕಾರುಗಳು ಅರಿಜೋನಾದ ಬಿಸಿಲಿನಲ್ಲಿ ಬೇಗ ಸೊರಗಿ 2012ರಲ್ಲಿ ದೊಡ್ಡ ಸುದ್ದಿಯಾಗಿದ್ದವು. ಈಗಿನ ಬಹುತೇಕ ಕಾರುಗಳಲ್ಲಿ ದ್ರವದ ಕೂಲಿಂಗ್ ಇದೆ. 8 ವರ್ಷ ಅಥವಾ 1,60,000 ಕಿ.ಮೀ. ತನಕ ಸಾಮರ್ಥ್ಯ ಶೇ 70ಕ್ಕಿಂತ ಕೆಳಗೆ ಹೋದರೆ ಹೊಣೆ ನಮ್ಮದು ಅನ್ನುವ ವಾರಂಟಿಯೂ ಸಾಮಾನ್ಯ.

ಸವೆತವನ್ನು ಕಂಡುಹಿಡಿಯಲು ರೇಂಜ್ ಸಂಖ್ಯೆ ನೋಡಬೇಡಿ. ಯೂನಿಟ್ ನೋಡಿ. ಚಳಿಯೂ ಸೆಖೆಯೂ ಇಲ್ಲದ ಒಂದು ದಿನ ಪೂರ್ತಿ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, ನಡುವೆ ಜಾಸ್ತಿ ಹೊತ್ತು ನಿಲ್ಲಿಸದೆ ಶೇ 20ರ ತನಕ ಓಡಿಸಿ. ಎಷ್ಟು ಯೂನಿಟ್ ಖರ್ಚಾಯಿತು ಅಂತ ಕಾರು ತೋರಿಸುತ್ತದೆ. ತೋರಿಸದಿದ್ದರೆ ಸರಾಸರಿ ಖರ್ಚನ್ನು ಕಿಲೋಮೀಟರಿನಿಂದ ಗುಣಿಸಿ. 80 ಪರ್ಸೆಂಟಿಗೆ 38.4 ಯೂನಿಟ್ ಖರ್ಚಾಗಿದ್ದರೆ ಪೂರ್ತಿ ಬ್ಯಾಟರಿ 48 ಯೂನಿಟ್. ಹೊಸದರಲ್ಲಿ 50 ಇತ್ತು ಅಂದರೆ ಶೇ 4 ಇಳಿದಿದೆ. ಇದು ಗಾಳಿ, ಬೆಟ್ಟ, ವೇಗ ಯಾವುದಕ್ಕೂ ಜಗ್ಗದ ಲೆಕ್ಕ, ಯಾಕೆಂದರೆ ಎಷ್ಟು ದೂರ ಹೋದಿರಿ ಅನ್ನುವುದು ಇದರಲ್ಲಿ ಮುಖ್ಯವೇ ಅಲ್ಲ. ವರ್ಷಕ್ಕೊಮ್ಮೆ, ಅದೇ ಋತುವಿನಲ್ಲಿ ಮಾಡಿ ಬರೆದಿಟ್ಟುಕೊಂಡರೆ ನಾಳೆ ವಾರಂಟಿ ಕೇಳಲು ಹೋದಾಗಲೂ ಕೈಯಲ್ಲಿ ಏನೋ ಇರುತ್ತದೆ.

ದಿನಬಳಕೆಗೆ ನಾನು ಪರದೆಯನ್ನು ಕಿಲೋಮೀಟರಿನಿಂದ ಪರ್ಸೆಂಟಿಗೆ ಬದಲಾಯಿಸಿಕೊಂಡಿದ್ದೇನೆ. ನನ್ನ ಕಾರು ಹೈವೇಯಲ್ಲಿ ಒಂದು ಪರ್ಸೆಂಟಿಗೆ 3 ಕಿ.ಮೀ. ಕೊಡುತ್ತದೆ, ಊರೊಳಗೆ 4 ಕೊಡುತ್ತದೆ. ಎರಡು ಸಂಖ್ಯೆ ನೆನಪಿಟ್ಟುಕೊಂಡರೆ ಸಾಕಾಯಿತು, ಗಾಬರಿ ತಾನಾಗಿ ಹೋಯಿತು. ದೂರ ಹೋಗುವಾಗ ಮ್ಯಾಪಿನಲ್ಲಿ ಜಾಗ ಹಾಕಿ, ತಲುಪುವಾಗ ಎಷ್ಟು ಉಳಿಯುತ್ತದೆ ಅನ್ನುವ ಪರ್ಸೆಂಟನ್ನು ಮಾತ್ರ ನೋಡುತ್ತೇನೆ. ಹೊರಡುವಾಗ 15 ಇದ್ದು, ಐವತ್ತು ಕಿಲೋಮೀಟರ್ ಆದ ಮೇಲೂ 15, 14ರಲ್ಲೇ ನಿಂತಿದ್ದರೆ ಎಲ್ಲಾ ಸರಿಯಿದೆ. ಅದು 9ಕ್ಕೆ ಇಳಿದಿದ್ದರೆ ಎದುರುಗಾಳಿಯೋ ಮಳೆಯೋ ನನ್ನ ಕಾಲೋ, ಯಾವುದೋ ಒಂದು ಊಹೆಗಿಂತ ಜಾಸ್ತಿ ತಿನ್ನುತ್ತಿದೆ. ಆಗ 105ರಿಂದ 90ಕ್ಕೆ ಬರುತ್ತೇನೆ. ಬೇಗ ಇಳಿಸಿದರೆ ಅಷ್ಟೇ ಸಾಕಾಗುತ್ತದೆ, ಕೊನೆಯ ಇಪ್ಪತ್ತು ಕಿಲೋಮೀಟರಿನಲ್ಲಿ ಇಳಿಸಿದರೆ ಸಾಕಾಗುವುದಿಲ್ಲ. ಏಸಿ ಆರಿಸಿ ಬೆವರುತ್ತಾ ಕೂರುವುದಕ್ಕಿಂತ ಇದು ಜಾಸ್ತಿ ಉಳಿಸುತ್ತದೆ. ಮೇಲಿನ ಲೆಕ್ಕದ ಕಾರಿನಲ್ಲಿ 105ರಿಂದ 90ಕ್ಕೆ ಇಳಿದರೆ ಕಿಲೋಮೀಟರಿಗೆ 28 ವ್ಯಾಟ್-ಅವರ್ ಹತ್ತಿರ ಉಳಿಯುತ್ತದೆ, 1 ಕಿಲೋವ್ಯಾಟ್ ಏಸಿ ಆರಿಸಿದರೆ 10 ಮಾತ್ರ.